ಮಾಡ್ಯೂಲ್ ಬದಲಿಸಿದ ಮೇಲೂ ಹೋಗದ ಮಸುಕು: ತಮ್ಮನ ಫೋನಿನ ಕ್ಯಾಮೆರಾ, ಮುಂದುವರಿದ ಭಾಗ

ತಮ್ಮನ ಫೋನಿನ ಮುಖ್ಯ ಕ್ಯಾಮೆರಾ ಕೊನೆಗೂ ದೂರದ ಕಟ್ಟಡದ ಮೇಲೆ ಫೋಕಸ್ ಹಿಡಿದು ನಿಂತಿದೆ. ಹಿಂಬದಿಯ ಗಾಜನ್ನು ಬಿಸಿ ಮಾಡಿ ತೆಗೆಯುವುದು, ಬ್ಯಾಟರಿ ಕನೆಕ್ಟರ್ ಬಿಡಿಸುವುದು ಮುಂತಾದವು ಇಲ್ಲಿನ ಎಲ್ಲರಿಗೂ ಗೊತ್ತಿರುವುದರಿಂದ, ಕ್ಯಾಮೆರಾ ಮಾಡ್ಯೂಲನ್ನು (ಲೆನ್ಸ್, ಸೆನ್ಸರ್ ಎಲ್ಲ ಸೇರಿದ ಬಿಡಿಭಾಗ) ಬದಲಿಸಿದ ಮೇಲೂ ದೂರದ ಚಿತ್ರ ಮಸುಕಾಗಿ ನನ್ನನ್ನು ಸತಾಯಿಸಿದ ಒಂದೇ ಸಮಸ್ಯೆಯನ್ನು ವಿವರವಾಗಿ ಬರೆಯುತ್ತೇನೆ.

ಮೊದಲಿನ ದೋಷ ಸ್ಪಷ್ಟವಾಗಿಯೇ ಇತ್ತು. ಕ್ಯಾಮೆರಾ ಆ್ಯಪ್ ತೆರೆದೊಡನೆ ಮುಖ್ಯ ಲೆನ್ಸಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು, ಪರದೆಯ ಮೇಲಿನ ಚಿತ್ರ ನೀರಿನಲ್ಲಿ ಬಿದ್ದ ಪ್ರತಿಬಿಂಬದಂತೆ ಅಲುಗುತ್ತಿತ್ತು. ಅಲ್ಟ್ರಾವೈಡ್ ಮತ್ತು ಸೆಲ್ಫಿ ಕ್ಯಾಮೆರಾಗಳು ಸರಿಯಿದ್ದುದರಿಂದ ಬೋರ್ಡಿನ ತಪ್ಪಲ್ಲ ಎಂದು ತಿಳಿಯಿತು. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟರೆ ಅಲುಗಾಟ ಕಡಿಮೆಯಾಗುತ್ತಿತ್ತು, ನೆಟ್ಟಗೆ ಹಿಡಿದರೆ ಹೆಚ್ಚುತ್ತಿತ್ತು. ಲೆನ್ಸಿನ ಪಕ್ಕಕ್ಕೆ ಸಣ್ಣ ಅಯಸ್ಕಾಂತ ತಂದರೆ ಸದ್ದು ತಟ್ಟನೆ ನಿಲ್ಲುತ್ತಿತ್ತು. ಇವೆರಡೂ ಇಮೇಜ್ ಸ್ಟೆಬಿಲೈಸೇಶನ್, ಅಂದರೆ ಕೈ ನಡುಗಿದರೂ ಚಿತ್ರ ಅಲುಗದಂತೆ ಲೆನ್ಸನ್ನು ಸರಿಸುವ ವ್ಯವಸ್ಥೆ, ಕೆಟ್ಟಿರುವುದರ ಲಕ್ಷಣಗಳು. ಹಳೆಯ ಮಾಡ್ಯೂಲನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಚ್ಚಿ ನೋಡಿದಾಗ, ಲೆನ್ಸಿನ ಗೂಡನ್ನು ತೂಗುಹಾಕಿರುವ ನಾಲ್ಕು ತಂತಿಗಳಲ್ಲಿ ಒಂದು ಬೆಸುಗೆಯ ಬುಡದಲ್ಲಿ ತುಂಡಾಗಿತ್ತು. ತಲೆಗೂದಲಿನಷ್ಟು ತೆಳ್ಳಗಿನ ಆ ತಂತಿಯ ತುದಿ ಬೆಸುಗೆಯ ಗುಂಡಿನಿಂದ ತುಸುವೇ ಮೇಲೆ ಹೊಳೆಯುತ್ತ ನಿಂತಿತ್ತು. ಮೂರೇ ತಂತಿಗಳ ಮೇಲೆ ಗೂಡು ಓರೆಯಾಗಿ ಜೋತುಬಿದ್ದಾಗ, ಹಾಲ್ ಸೆನ್ಸರ್ (ಕಾಂತಕ್ಷೇತ್ರ ಅಳೆಯುವ ಸೆನ್ಸರ್) ಹೇಳುವ ಸ್ಥಾನಕ್ಕೂ ಲೆನ್ಸನ್ನು ಸರಿಸುವ ಚಾಲಕ ಚಿಪ್ ಬಯಸುವ ಸ್ಥಾನಕ್ಕೂ ತಾಳೆಯಾಗುವುದಿಲ್ಲ. ಚಿಪ್ ಎಡೆಬಿಡದೆ ತಿದ್ದುತ್ತಲೇ ಇರುತ್ತದೆ, ಆ ತಿದ್ದುಪಡಿಯೇ ನಮಗೆ ಸದ್ದಾಗಿ ಕೇಳಿಸುತ್ತದೆ.

ಹೊಸ ಮಾಡ್ಯೂಲ್ ತರಿಸುವ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಬ್ಬ ವ್ಯಾಪಾರಿ ‘ಒರಿಜಿನಲ್’ ಎಂದು ಕೊಟ್ಟದ್ದು ಕನೆಕ್ಟರಿಗೆ ಸರಿಯಾಗಿ ಕೂತಿತು, ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ಒಂದೇ ಮಾದರಿಯ ಫೋನಿಗೆ ಬೇರೆ ಬೇರೆ ತಯಾರಕರ ಮಾಡ್ಯೂಲ್‌ಗಳು ಬಂದಿರುತ್ತವೆ. ಫೋನು ಚಾಲೂ ಆಗುವಾಗ ಸೆನ್ಸರಿನ ಗುರುತಿನ ಸಂಖ್ಯೆ ಹೊಂದದಿದ್ದರೆ ಆ ಕ್ಯಾಮೆರಾ ಪಟ್ಟಿಗೇ ಸೇರುವುದಿಲ್ಲ. ಮಾಡ್ಯೂಲಿನ ಫ್ಲೆಕ್ಸ್ ಕೇಬಲ್ಲಿನ (ಬಾಗುವ ಪಟ್ಟಿಯ) ಮೇಲೆ ಮುದ್ರಿತವಾದ ಸಂಕೇತವನ್ನು ನೋಡಿ ಕೊಡಿ ಎಂದು ಕೇಳಿದ್ದೆ. ಸ್ಟಿಕ್ಕರ್ ಕಿತ್ತರೆ ವಾಪಸ್ ಇಲ್ಲ ಎಂಬ ನಿಯಮವನ್ನು ಅಂಗಡಿಯವರು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಾದರೆ, ಆ ಸಂಕೇತವನ್ನು ಓದುವಷ್ಟು ತಾಳ್ಮೆಯೂ ಅವರಿಗಿರಬೇಕು. ಮತ್ತೊಂದು ಅಂಗಡಿಯಲ್ಲಿ ಹೊಂದುವ ಮಾಡ್ಯೂಲ್ ಸಿಕ್ಕಿತು.

ನಿಜವಾದ ಒಗಟು ಶುರುವಾದದ್ದು ಆಮೇಲೆ. ಸದ್ದು ನಿಂತಿತು, ನನ್ನ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿತ್ತು. ನನ್ನ ತಮ್ಮ ಕಟ್ಟಡ ಕಾಮಗಾರಿಯ ಮೇಲ್ವಿಚಾರಕ. ಎರಡೇ ದಿನದಲ್ಲಿ ಕರೆ ಮಾಡಿ, “ಅಣ್ಣ, ಬಿಲ್ಲು ತೆಗೆದರೆ ಅಕ್ಷರ ಅಕ್ಷರ ಕಾಣತ್ತೆ, ಕಟ್ಟಡ ತೆಗೆದರೆ ಮಂಜು ಮಂಜು” ಎಂದ. ವಾಪಸ್ ತರಿಸಿಕೊಂಡು ನೋಡಿದರೆ ನನ್ನ ಕೈಯಲ್ಲಿ ಎದುರುಬೀದಿಯ ನೀರಿನ ಟ್ಯಾಂಕೂ ಸ್ಪಷ್ಟ. ಹತ್ತಿರದ್ದು ಸರಿ, ದೂರದ್ದು ಮಸುಕು ಎಂದರೆ ಲೆನ್ಸ್ ಅನಂತದ ಸ್ಥಾನವನ್ನು (ಬಹುದೂರದ ವಸ್ತುಗಳು ಸ್ಪಷ್ಟವಾಗುವ ಸ್ಥಾನವನ್ನು) ತಲುಪುತ್ತಿಲ್ಲ ಎಂದರ್ಥ. ಫೋಕಸಿನ ಎರಡು ತುದಿಗಳ ಅಂಕಿಗಳು ಮಾಡ್ಯೂಲಿನ ಒಳಗಿನ ಪುಟ್ಟ ಸ್ಮೃತಿಚಿಪ್ಪಿನಲ್ಲಿ ಇರುತ್ತವೆ. ಅದನ್ನೇ ಸಂಶಯಿಸಿ ಫೋನು ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದೆ, ಫೋನು ಅದನ್ನು ಯಾವ ದೂರೂ ಇಲ್ಲದೆ ಓದಿಕೊಂಡಿತ್ತು. ಗಾಜು ಅಂಟಿಸುವಾಗ ಮಾಡ್ಯೂಲಿನ ಮೇಲೆ ಒತ್ತಡ ಬಿದ್ದಿರಬಹುದೆಂದು ಅಂಟುಪಟ್ಟಿಯನ್ನು ಬದಲಿಸಿದೆ, ಲೋಹದ ಮುಚ್ಚಳವನ್ನು ಸಡಿಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ.

ಕೊನೆಗೆ, ಚಿತ್ರ ಹೇಗೆ ತೆಗೆಯುತ್ತೀಯೋ ಹಾಗೆಯೇ ತೆಗೆದು ತೋರಿಸು ಎಂದು ತಮ್ಮನನ್ನೇ ಕೂರಿಸಿದೆ. ರಿಪೇರಿಯಾದ ಫೋನನ್ನು ಜೋಪಾನ ಮಾಡಲೆಂದು ಆತ ಹೊಸ ಫ್ಲಿಪ್ ಕವರ್ ಹಾಕಿಸಿಕೊಂಡಿದ್ದ. ನನಗೆ ಕೊಡುವಾಗ ಕವರ್ ತೆಗೆದೇ ಕೊಡುತ್ತಿದ್ದ. ಚಿತ್ರ ತೆಗೆಯಲು ಮುಚ್ಚಳವನ್ನು ಹಿಂದಕ್ಕೆ ಮಡಚಿದೊಡನೆ, ಅದರ ಅಂಚಿನಲ್ಲಿ ಹೊಲಿದಿದ್ದ ಅಯಸ್ಕಾಂತ ಕ್ಯಾಮೆರಾದ ಪಕ್ಕಕ್ಕೇ ಬಂದು ಕೂರುತ್ತಿತ್ತು. ಇನ್ನೊಂದು ಫೋನಿನಲ್ಲಿ ಫೋನಿನ ಸೆನ್ಸರುಗಳ ಅಳತೆ ತೋರಿಸುವ ಫೈಫಾಕ್ಸ್ ಆ್ಯಪಿನ ಕಾಂತಮಾಪಕ ತೆರೆದು ಅಂಚನ್ನು ಹತ್ತಿರ ಹಿಡಿದೆ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅಂಕಿ ಸಾವಿರವನ್ನು ದಾಟಿತು. ಲೆನ್ಸ್ ಎಲ್ಲಿದೆ ಎಂಬುದನ್ನು ಹಾಲ್ ಸೆನ್ಸರ್ ಕಾಂತಕ್ಷೇತ್ರದಿಂದಲೇ ಅಳೆಯುವುದರಿಂದ, ಹೊರಗಿನ ಕ್ಷೇತ್ರ ಸೇರಿದಾಗ ಅಳತೆಯೇ ತಪ್ಪುತ್ತದೆ, ಚಿಪ್ ಲೆನ್ಸನ್ನು ಬೇರೆಲ್ಲೋ ನಿಲ್ಲಿಸಿ ಸರಿಯಾಗಿದೆ ಎಂದುಕೊಳ್ಳುತ್ತದೆ. ಕವರ್ ತೆಗೆದರೆ ಸ್ಪಷ್ಟ, ಮಡಚಿದರೆ ಮಸುಕು: ಕಣ್ಣೆದುರೇ ಮತ್ತೆ ಮತ್ತೆ ಮಾಡಿ ನೋಡಿದೆವು. ಹೊಲಿಗೆ ಬಿಚ್ಚಿ ಅಯಸ್ಕಾಂತವನ್ನು ತೆಗೆದುಬಿಟ್ಟೆ. ಈಗ ಮುಚ್ಚಳ ನಿಲ್ಲುವುದಿಲ್ಲವೆಂಬುದು ತಮ್ಮನ ತಕರಾರು.

ಆದರೆ ಹಳೆಯ ಮಾಡ್ಯೂಲಿನ ಆ ತಂತಿ ಏಕೆ ತುಂಡಾಯಿತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ತಮ್ಮ ತನ್ನ ಫೋನನ್ನು ಬೈಕಿನ ಹ್ಯಾಂಡಲಿಗೆ ಕಚ್ಚಿಸಿ ನೆಲಮಂಗಲದವರೆಗೆ ನಿತ್ಯ ಓಡಾಡುತ್ತಾನೆ. ಬೈಕ್ ಎಂಜಿನ್ನಿನ ಜೋರಾದ ಕಂಪನಗಳು ಸ್ಟೆಬಿಲೈಸೇಶನ್ನನ್ನೂ ಆಟೋಫೋಕಸನ್ನೂ ಹಾಳುಮಾಡಬಹುದೆಂದು ಆ್ಯಪಲ್ 2021ರಲ್ಲಿಯೇ ಎಚ್ಚರಿಸಿ, ಕಂಪನ ತಗ್ಗಿಸುವ ಹಿಡಿಕೆಯನ್ನು ಬಳಸಲು ಸೂಚಿಸಿತ್ತು. ಹಾಗಾಗಿ ಮುಂದಿನ ಕೆಲಸ ಅಂಥ ಹಿಡಿಕೆಯನ್ನು ರಬ್ಬರ್ ಬುಷ್‌ಗಳಿಂದ ನಾನೇ ಮಾಡಿ, ಕಂಪನವನ್ನು ಮೊದಲು ಮತ್ತು ನಂತರ ಅಳೆಯುವುದು. 6000 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ 6000 ಸುತ್ತಿನಲ್ಲಿ) ಎಂಜಿನ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಆಂಡ್ರಾಯ್ಡ್ 12ರಿಂದೀಚೆಗೆ ವಿಶೇಷ ಅನುಮತಿ ಇಲ್ಲದ ಆ್ಯಪ್‌ಗಳಿಗೆ ವೇಗೋತ್ಕರ್ಷದ ಮಾಹಿತಿ ಸೆಕೆಂಡಿಗೆ 200 ಸಲದ ಆಚೆ ಸಿಗದು. ಒಂದು ಕಂಪನವನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಅಳತೆ ಬೇಕಾದ್ದರಿಂದ, 200 ಸಲದ ಅಳತೆಗೆ ಸೆಕೆಂಡಿಗೆ 100 ಕಂಪನವೇ ಮಿತಿ. ಅಳೆಯಬೇಕಾದದ್ದು ಮಿತಿಯ ಅಂಚಿನಲ್ಲೇ ಬಿದ್ದರೆ ಆ ಅಂಕಿಯನ್ನು ನಂಬಲಾಗದು. ಆದುದರಿಂದ ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಎಡಿಎಕ್ಸ್‌ಎಲ್345 ಎಂಬ ವೇಗೋತ್ಕರ್ಷ ಸೆನ್ಸರನ್ನು ಜೋಡಿಸಲಿದ್ದೇನೆ. ಆ ಸೆನ್ಸರ್ ಸೆಕೆಂಡಿಗೆ 3200 ಮಾದರಿಗಳನ್ನು ಕೊಡಬಲ್ಲದು, ಆದರೆ ಆ ವೇಗಕ್ಕೆ ಚಿಪ್‌ಗಳ ನಡುವೆ ಮಾಹಿತಿ ಸಾಗಿಸುವ ಎರಡು ವಿಧಾನಗಳಲ್ಲಿ ನಿಧಾನದ ಐ2ಸಿ ಸಾಲದು, ವೇಗದ ಎಸ್‌ಪಿಐ ತಂತಿಜೋಡಣೆಯೇ ಬೇಕು. ಬುಷ್‌ಗಳಿಗೆ ಯಾವ ಗಡಸುತನದ ರಬ್ಬರ್ ಹೊಂದುತ್ತದೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಮೊದಲ ಅಳತೆ ಸಿಕ್ಕೊಡನೆ ಗ್ರಾಫ್ ಸಹಿತ ಹಾಕುತ್ತೇನೆ.