ಸುಳಿ ಏನಾರ ಐತಾ ಸಾ?

ಭಾನುವಾರ ನನ್ನ ಬಾಸ್ ಗಿಟಾರ್ ಮಾರಿದೆ, ಅದೇ ಹಾಡಿನ ತಗ್ಗು ಸ್ವರ ನುಡಿಸೋ ಗಿಟಾರ್, ಜೊತೆಗೆ ಅದರ ಸದ್ದು ಜೋರು ಮಾಡೋ ಸ್ಪೀಕರ್ ಪೆಟ್ಟಿಗೆ, ಆಂಪ್ ಕೂಡ. ಎರಡೂ ಸೇರಿ 17,000. ದುಡ್ಡು ಬಂತು, ರೂಮಿನ ಮೂಲೆ ಖಾಲಿ ಆಯ್ತು, ನನ್ನ ಹೆಂಡತಿ ಸಂಜೆಯೊಳಗೆ ಅಲ್ಲಿ ಬಟ್ಟೆ ಒಣಗಿಸೋ ಸ್ಟ್ಯಾಂಡ್ ತಂದಿಟ್ಟಳು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗಿಯಲಿಲ್ಲ.

ಮಾರಾಟಕ್ಕಿದೆ ಅಂತ ಫೋಟೋ ಹಾಕಿ ಒಂದು ತಿಂಗಳಾಗಿತ್ತು. ಮೈಸೂರಲ್ಲಿ ಗಿಟಾರ್ ಕಲಿಯೋರು ಬೀದಿಗೊಬ್ಬರು ಸಿಗ್ತಾರೆ, ಬಾಸ್ ನುಡಿಸೋರು ಬೆರಳೆಣಿಕೆ. ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು 'ಲಾಸ್ಟ್ ಎಷ್ಟು?' ಅಷ್ಟೇ. ನಮಸ್ಕಾರ ಇಲ್ಲ, ಏನಿಲ್ಲ. ಒಬ್ಬ ಮಹಾಶಯ ಮನೆಗೇ ಬಂದು, ಒಂದು ಗಂಟೆ ಹೆಬ್ಬೆರಳಲ್ಲಿ ತಂತಿ ಬಡಿದು ತನ್ನ ಕೈಚಳಕ ಎಲ್ಲ ತೋರಿಸಿ, ಎರಡು ಲೋಟ ಕಾಫಿ ಕುಡಿದು, 'ನನ್ನ ಹತ್ರ ಇದಕ್ಕಿಂತ ಚೆನ್ನಾಗಿರೋದಿದೆ' ಅಂತ ಹೇಳಿ ಹೋದ. ಇಂಥವರಿಗೆ ನಮ್ಮ ಮನೆಯೇ ಸ್ಟೇಜು.

ಭಾನುವಾರ ಬಂದವರು ಅಪ್ಪ, ಮಗ. ಮಂಡ್ಯದ ಕಡೆಯವರು. ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಸರಸ್ವತಿಪುರಂಗೆ ಬಂದಿದ್ದರು. ಅಪ್ಪನ ಕಂಕುಳಲ್ಲಿ ಒಂದು ಗೋಣಿಚೀಲ, ಆಂಪ್ ಸುತ್ತಿಕೊಂಡು ಹೋಗೋಕೆ. ಕೊಳ್ಳೋ ಮನಸ್ಸು ಮಾಡಿಯೇ ಬಂದಿದ್ದಾರೆ ಅಂತ ಆಗಲೇ ಗೊತ್ತಾಯ್ತು. ಹುಡುಗ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವನ ಪಕ್ಕ ನಿಲ್ಲುವವನು. ಈಗೀಗ ತುಂಬಾ ಕಡೆ ಬಾಸ್ ಕೆಲಸವನ್ನ ಕೀಬೋರ್ಡಿನವನ ಎಡಗೈಯೇ ಮಾಡಿಬಿಡುತ್ತೆ, ಒಬ್ಬ ಆಳಿನ ಸಂಬಳ ಉಳೀತು ಅಂತ ಆರ್ಕೆಸ್ಟ್ರಾದವರಿಗೂ ಖುಷಿ. ಅಂಥದ್ರಲ್ಲಿ ಈ ಹುಡುಗ ಬಾಸೇ ಬೇಕು ಅಂತ ಹಟ ಹಿಡಿದಿದ್ದಾನೆ.

'ಅದ್ಯಾಕ್ ಸಾ ಇದ್ಕೆ ನಾಕೇ ತಂತಿ?' ಅಂತ ಅಪ್ಪ ಕೇಳಿದರು. ಮೊದಲೆಲ್ಲ ಇದೇ ಕೆಲಸಕ್ಕೆ ಆಳೆತ್ತರದ ಪಿಟೀಲಿನಂಥ ವಾದ್ಯ ಇತ್ತು, ಅದಕ್ಕೂ ನಾಲ್ಕೇ ತಂತಿ, 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅನ್ನೋರು ಅದನ್ನ ಹೆಗಲಿಗೆ ಹಾಕಿಕೊಳ್ಳೋ ಹಾಗೆ ಮಾಡಿ ಮಾರೋಕೆ ಶುರು ಮಾಡಿದರು, ಸ್ವರ ಕರೆಕ್ಟಾಗಿ ಸಿಗಲಿ ಅಂತ ಕತ್ತಿನ ಮೇಲೆ ಅಡ್ಡಡ್ಡ ಕಂಬಿ ಹಾಕಿದ್ದಕ್ಕೇ ಅದಕ್ಕೆ 'ಪ್ರಿಸಿಷನ್' ಅಂತ ಹೆಸರು ಅಂತೆಲ್ಲ ಹೇಳಿದೆ. ಅವರು ತಲೆ ಆಡಿಸಿದರು. ಆಮೇಲೆ ಗಿಟಾರಿನ ಬೆನ್ನು ಸವರಿದರು, ಕತ್ತು ಹಿಡಿದು ನೋಡಿದರು, ನನ್ನ ಮುಖ ನೋಡಿದರು.

'ಸುಳಿ ಏನಾರ ಐತಾ ಸಾ?'

ಎತ್ತು ಕೊಳ್ಳುವವರ ಮಾತು ಅದು. ಹೇಮಗಿರಿ ದನಗಳ ಜಾತ್ರೆಗೆ ಚಿಕ್ಕವನಿದ್ದಾಗ ನಮ್ಮ ತಾತನ ಜೊತೆ ಹೋಗಿದ್ದೆ. ಹಲ್ಲು ನೋಡ್ತಾರೆ, ಗೊರಸು ನೋಡ್ತಾರೆ, ಮೈಮೇಲಿನ ಕೂದಲ ಸುಳಿ ಎಲ್ಲೆಲ್ಲಿದೆ ಅಂತ ಹುಡುಕ್ತಾರೆ, ಇರಬಾರದ ಕಡೆ ಇದ್ದರೆ ಅದು ದೋಷ. ಬೆಲೆ ಮಾತ್ರ ಟವೆಲ್ ಒಳಗೆ ಬೆರಳು ಹಿಡಿದು ಮಾತಾಡ್ತಾರೆ, ಪಕ್ಕದವನಿಗೂ ಕೇಳಿಸಲ್ಲ. ಸುಳಿ ಮುಚ್ಚಿಟ್ಟು ಮಾರಿದವನ ಹೆಸರು ಮಾತ್ರ ಜಾತ್ರೆ ತುಂಬಾ ಕೇಳಿಸುತ್ತೆ.

'ಏನೂ ಇಲ್ಲ ಯಜಮಾನ್ರೇ' ಅಂದೆ.

ಇತ್ತು. ಬಾಸಿನ ನಾಲ್ಕು ತಂತಿ ಸೇರಿ ಕತ್ತನ್ನ ಸುಮಾರು 70–80 ಕೆ.ಜಿ. ಭಾರದಲ್ಲಿ ಎಳೀತಾ ಇರುತ್ತವೆ. ಆ ಎಳೆತಕ್ಕೆ ಕತ್ತು ಬಿಲ್ಲಿನ ಹಾಗೆ ಬಾಗಬಾರದು ಅಂತ ಮರದ ಒಳಗೆ ಒಂದು ಕಬ್ಬಿಣದ ಸರಳು ಕೂರಿಸಿರ್ತಾರೆ, ಟ್ರಸ್ ರಾಡ್. ಬಾಗಿದರೆ ಅದರ ನಟ್ಟು ಸ್ವಲ್ಪ ಬಿಗಿ ಮಾಡೋದು, ಸರಿ ಹೋಗುತ್ತೆ. ನನ್ನದರಲ್ಲಿ ಆ ನಟ್ಟು ಕೊನೆ ಮುಟ್ಟಿದೆ. ಇನ್ನು ಕಾಲು ಸುತ್ತೂ ತಿರುಗಲ್ಲ. ಆದರೂ ಕತ್ತು ಬಾಗಿಯೇ ಇದೆ, ಹನ್ನೆರಡನೇ ಕಂಬಿ ಹತ್ತಿರ ತಂತಿ ಮೇಲೆದ್ದು ನಿಂತು ಬೆರಳು ನೋಯುತ್ತೆ.

ಇದಕ್ಕಿಂತ ನಾಚಿಕೆಗೇಡಿನ ವಿಷಯ ಇನ್ನೊಂದಿದೆ. ಶನಿವಾರ ರಾತ್ರಿ ನಾನು ನಾಲ್ಕೂ ತಂತಿಗಳನ್ನ ಅರ್ಧ ಸ್ವರ ಇಳಿಸಿಟ್ಟಿದ್ದೆ. ಎಳೆತ ಕಮ್ಮಿ ಆಯ್ತು, ಬೆಳಗ್ಗೆ ಹೊತ್ತಿಗೆ ಕತ್ತು ನೆಟ್ಟಗಾದ ಹಾಗೆ ಕಂಡಿತು. ಹುಡುಗ ಒಬ್ಬನೇ ಕೂತು ನುಡಿಸಿದ, ಜೊತೆಗೆ ಬೇರೆ ವಾದ್ಯ ಇಲ್ಲ, ಶ್ರುತಿ ತೋರಿಸೋ ಟ್ಯೂನರ್ ಇಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು? ಈ ಉಪಾಯ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಆರು ವರ್ಷದ ಹಿಂದೆ ಬೆಂಗಳೂರಲ್ಲಿ ಇದೇ ಗಿಟಾರನ್ನ ನನಗೆ ಮಾರಿದವನು ಹೀಗೇ ಮಾಡಿದ್ದ. ಮನೆಗೆ ತಂದು ಶ್ರುತಿ ಮಾಡಿದಾಗ ಗೊತ್ತಾಯ್ತು. ಅವನಿಗೆ ಆರು ವರ್ಷ ಶಾಪ ಹಾಕಿದೀನಿ ನಾನು.

ಹುಡುಗ ನುಡಿಸುವಾಗ ಅಪ್ಪ ಆಂಪ್ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ದಪ್ಪ ತಂತಿ ಸೆಕೆಂಡಿಗೆ ಬರೀ 41 ಸಲ ಅದುರುತ್ತೆ, ಆ ಸದ್ದು ಕಿವಿಗಿಂತ ಕೈಗೆ ಮೊದಲು ಸಿಗುತ್ತೆ. ಅದಕ್ಕೇ ಸಣ್ಣ ಸ್ಪೀಕರಿನ ಗಿಟಾರ್ ಆಂಪಿಗೆ ಬಾಸ್ ಹಾಕಿದರೆ ಕೇಳೋಕೆ ಪೇಪರ್ ಹರಿದ ಹಾಗಿರುತ್ತೆ, ಜೋರು ಮಾಡಿದರೆ ಸ್ಪೀಕರ್ ನಿಜವಾಗ್ಲೂ ಹರೀಬಹುದು. ನನ್ನ ಆಂಪಿನದು ಹದಿನೈದು ಇಂಚಿನದು, ಅದರ ಬಗ್ಗೆ ನನಗೆ ಅಳುಕಿರಲಿಲ್ಲ. ಅಪ್ಪ ಚೌಕಾಸಿಯನ್ನೂ ಮಾಡಲಿಲ್ಲ. ಒಂದು ಸಲ 'ನೋಡಿ ಮಾಡ್ಕಳಿ ಸಾ' ಅಂದರು, ಸಾವಿರ ಬಿಟ್ಟೆ, ಎಣಿಸಿ ಕೊಟ್ಟರು.

ಮೂರು ದಿನ. ಹಲ್ಲುಜ್ಜುವಾಗ ಸುಳಿ ಏನಾರ ಐತಾ, ಆಫೀಸಲ್ಲಿ ಸುಳಿ ಏನಾರ ಐತಾ. ಹಳೇ ಸಾಮಾನು ಮಾರೋ ನಾವೆಲ್ಲ ಎಷ್ಟು ಜಾಣರು ಅಲ್ವಾ? 'ಕಂಡೀಷನ್ ಚೆನ್ನಾಗಿದೆ', 'ಮನೇಲೇ ಇಟ್ಟಿದ್ದು', 'ಜಾಸ್ತಿ ಬಳಸಿಲ್ಲ'. ಇವೆಲ್ಲ ಸುಳ್ಳಲ್ಲ. ಸುಳ್ಳು ಹೇಳದೇ ಇರೋಕೆ ಅಂತಲೇ ಹುಟ್ಟಿಕೊಂಡ ಮಾತುಗಳು. ಬಂದ ಅಷ್ಟೂ ಜನ ಬೆಲೆ ಕೇಳಿದರು, ಬ್ರ್ಯಾಂಡ್ ಕೇಳಿದರು, ಎಷ್ಟು ವ್ಯಾಟ್ ಅಂತ ಕೇಳಿದರು. ನೇರವಾಗಿ ಕೇಳಿದವರು ಇವರೊಬ್ಬರೇ. ಅವರಿಗೇ ನಾನು ಬಾಯಿಬಿಟ್ಟು ಸುಳ್ಳು ಹೇಳಿದ್ದು.

ಬುಧವಾರ ರಾತ್ರಿ ಫೋನ್ ಮಾಡಿದೆ. ಹುಡುಗ ಎತ್ತಿಕೊಂಡ. ಎಲ್ಲ ಹೇಳಿದೆ, ಶನಿವಾರ ರಾತ್ರಿಯದ್ದೂ. ಈಗಿರೋದಕ್ಕಿಂತ ತೆಳು ತಂತಿ ಹಾಕು, ಎಳೆತ ಕಮ್ಮಿ ಆಗಿ ಸುಮಾರಾಗಿ ಸರಿ ಹೋಗುತ್ತೆ, ಬೇಡ ಅನ್ನಿಸಿದರೆ ವಾಪಸ್ ತಗೊಂಡು ಬಾ ಅಂದೆ. 'ಸರಿ ಅಣ್ಣ' ಅಂದ. ಹಿಂದಿನಿಂದ ದನಿ ಬಂತು, 'ಯಾರ್ಲಾ ಅದು?'

'ಮೈಸೂರಿನ ಅಣ್ಣ. ಸುಳಿ ಇತ್ತಂತೆ ಕಣಪ್ಪ.'

ಒಂದು ಕ್ಷಣ ಸುಮ್ಮನಾಯ್ತು. ಆಮೇಲೆ, 'ಎಷ್ಟ್ ವಾಪಸ್ ಕೊಟ್ಟಾರಂತೆ ಕೇಳು.'

ನಗು ಬಂತು, ಸಮಾಧಾನವೂ ಆಯ್ತು. ಬೈದಿದ್ದರೆ ಏನು ಮಾಡಬೇಕಿತ್ತೋ. 1,500 ಅಂದೆ, 2,000ಕ್ಕೆ ನಿಂತಿತು, ಆಗಲೇ ಹುಡುಗನ ನಂಬರಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಅಪ್ಪನೇ ಫೋನ್ ಮಾಡಿದರು.

'ಬಂತು ಸಾ. ಆ ಪೆಟ್ಗೆಲಿ ಏನಾರ ಐತಾ?'

ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ, ಸ್ಪ್ರೇ ಹೊಡೆದರೆ ಹೋಗುತ್ತೆ ಅಂದೆ.

'ಅದ ಹುಡುಗ ಹೇಳ್ದ, ಅದ ಬುಡಿ. ಇನ್ನೇನು?'

'ಇನ್ನೇನಿಲ್ಲ ಯಜಮಾನ್ರೇ.'

'ತಾಯಿ ಚಾಮುಂಡಿ ಆಣೆ?'

ನಾನು ಮಹಡಿ ಮೇಲೆ ನಿಂತಿದ್ದೆ, ಎದುರಿಗೇ ಬೆಟ್ಟದ ದೀಪ ಕಾಣ್ತಿತ್ತು. ಸ್ವಲ್ಪ ಯೋಚನೆ ಮಾಡಿ, ಹಿಂದಿನ ಹಲಗೆಗೆ ಎರಡು ಸ್ಕ್ರೂ ಇಲ್ಲ ಅನ್ನೋದನ್ನೂ ಹೇಳಿಬಿಟ್ಟೆ.