ಆಶ್ಲೇಷ ಮಳೆ ಹಿಡಿದಿದೆ

ಮೂರು ದಿನದಿಂದ ಒಗೆದ ಬಟ್ಟೆ ಒಣಗಿಲ್ಲ. ಬೆಳಿಗ್ಗೆ ಹಾಲು ತರಲು ಹೋದವನು ಸುಮ್ಮನೆ ತುಂಗಾ ಹೊಳೆಯತ್ತ ನಡೆದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಲು ಇನ್ನು ಸ್ವಲ್ಪವೇ ಬಾಕಿ. ಕೊಡೆ ಹಿಡಿದವರೆಲ್ಲ ಅದನ್ನೇ ನೋಡುತ್ತ ನಿಂತಿದ್ದರು. ಶಿವಮೊಗ್ಗದವರಿಗೆ ಹವಾಮಾನ ಇಲಾಖೆಗಿಂತ ಆ ಮಂಟಪದ ಮೇಲೆಯೇ ನಂಬಿಕೆ ಹೆಚ್ಚು, ನನಗೂ ಅಷ್ಟೇ.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇದೇನು ಮಳೆ, ನಮ್ಮ ಕಾಲದಲ್ಲಿ ನೋಡಬೇಕಿತ್ತು" ಎಂದರು. ಪ್ರತಿ ವರ್ಷವೂ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಆದರೆ ಅವರ ಮಾತನ್ನು ತೆಗೆದುಹಾಕುವಂತಿಲ್ಲ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಗೆ 4,500 ಮಿಲಿಮೀಟರ್ ದಾಟಿ ಮಳೆ ಸುರಿದಿತ್ತು. ಅಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 7,600!

ಕೊಡಗಿನ ಗುಡ್ಡಗಳು ಕುಸಿದದ್ದು 2018ರ ಆಗಸ್ಟಿನಲ್ಲಿ. ಮರುವರ್ಷ ಅದೇ ತಿಂಗಳು ಮೂಡಿಗೆರೆಯ ಕಡೆ ಗುಡ್ಡ ಜಾರಿತು, ಇಲ್ಲಿ ತುಂಗೆ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು. ತುಂಗೆಗೆ ಕಟ್ಟಿದ ಗಾಜನೂರಿನ ಅಣೆಕಟ್ಟು ಚಿಕ್ಕದು, ತುಂಬಿದ ಮೇಲೆ ಬಂದ ನೀರನ್ನೆಲ್ಲ ಬಿಡಲೇಬೇಕು. ಆ ವರ್ಷ ನಮ್ಮ ಅತ್ತೆಯ ಮನೆಯಲ್ಲಿ ಅಕ್ಕಿಮೂಟೆಯನ್ನು ಅಟ್ಟಕ್ಕೆ ಏರಿಸಿ ನನ್ನ ಸೊಂಟ ಹಿಡಿದುಕೊಂಡಿತ್ತು. 2023ರಲ್ಲಿ ಇದೇ ಜನ ಮಳೆಗಾಗಿ ಆಕಾಶ ನೋಡಿದೆವು.

ಹಾಲು ಮಾತ್ರ ತರಲೇ ಇಲ್ಲ. ಈಗ ಕರಿಕಾಫಿ ಕುಡಿಯುತ್ತಿದ್ದೇನೆ.