ಮುಟ್ಟು ಮತ್ತೆ ಬಂತು, ಖುಷಿಪಡಬೇಕಾ?

2025 ಮಾರ್ಚ್ 14, ಶುಕ್ರವಾರ

ಇವತ್ತು ಮುಟ್ಟಾದೆ. ಸ್ತನ ಕ್ಯಾನ್ಸರಿನ ಕೀಮೋ ನಡುವೆ ನಿಂತುಹೋಗಿದ್ದು, ವರ್ಷ ದಾಟಿದ ಮೇಲೆ ಈಗ ಬಂದಿದೆ. ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಳ್ಳುವ ಅಭ್ಯಾಸವೇ ತಪ್ಪಿತ್ತು. ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿಯ ಹತ್ತಿರ ಕೇಳಿ ತೆಗೆದುಕೊಂಡೆ. ಅವಳು ಸಹಜವಾಗಿ ಕೊಟ್ಟಳು. ಅವಳಿಗೇನು ಗೊತ್ತು, ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು!

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಒಳ್ಳೇದೇ ಆಯ್ತು ಬಿಡೇ. ಮೈ ಸರಿಹೋಗ್ತಾ ಇದೆ ಅಂತ ಅಲ್ವಾ?" ಅಂದರು. ಹೂಂ ಅಂದೆ. ಅಷ್ಟು ಸುಲಭದ ಮಾತಾಗಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನದು ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಸಿಕ್ಕರೆ ಬೆಳೆಯುವ ಜಾತಿಯ ಗಡ್ಡೆ. ಮುಟ್ಟು ಬಂತು ಅಂದರೆ ಅಂಡಾಶಯ ಕೆಲಸ ಮಾಡುತ್ತಿದೆ, ಈಸ್ಟ್ರೋಜೆನ್ ತಯಾರಾಗುತ್ತಿದೆ. ಮೂವತ್ತೇಳರ ಹೆಂಗಸಾಗಿ ಇದು ನನಗೆ ಸಮಾಧಾನ. ಈ ಕಾಯಿಲೆಯವಳಾಗಿ ಭಯ. ಎರಡೂ ಒಟ್ಟಿಗೇ ಬಂದವು, ಯಾವುದು ಮೊದಲು ಅಂತ ಕೇಳಿದರೆ ಹೇಳಲಾರೆ.

ಕೂದಲು ಉದುರುತ್ತದೆ ಅಂತ ನೂರು ಸಲ ಹೇಳಿದ್ದರು. ಮುಟ್ಟಿನ ವಿಷಯ ಮಾತ್ರ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಒಂದೇ ಸಾಲು. ಕೂದಲು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ, ಅದಕ್ಕೇ ಇರಬೇಕು.

ಆಮೇಲೆ ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಹೆಣ್ಣುಮಗು ಹುಟ್ಟುವಾಗ ಅಂಡಾಶಯದಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೊದಲ ಮುಟ್ಟಿನ ಹೊತ್ತಿಗೆ ಉಳಿಯುವುದು 3ರಿಂದ 4 ಲಕ್ಷ. ಮುಂದೆ ಕರಗುತ್ತಲೇ ಹೋಗುತ್ತವೆ, ಹೊಸದು ಹುಟ್ಟುವುದಿಲ್ಲ. ಕೀಮೋ ಔಷಧಿಗಳು ಈ ದಾಸ್ತಾನಿಗೇ ಕೈ ಹಾಕುತ್ತವೆ. ಅದರಲ್ಲೂ ಸೈಕ್ಲೋಫಾಸ್ಫಮೈಡ್ ಜಾಸ್ತಿ ಹಾನಿ ಮಾಡುತ್ತದೆ. ಚಿಕ್ಕ ವಯಸ್ಸಿನವರಲ್ಲಿ ದಾಸ್ತಾನು ಹೆಚ್ಚಿರುವುದರಿಂದ ಮುಟ್ಟು ವಾಪಸ್ ಬರುವ ಸಾಧ್ಯತೆಯೂ ಹೆಚ್ಚು. ನಲವತ್ತು ದಾಟಿದವರಲ್ಲಿ ನಿಂತದ್ದು ನಿಂತೇ ಹೋಗುವುದು ಹೆಚ್ಚು. ಕೆಲವರಿಗೆ ಕೀಮೋ ಮುಗಿದ ಕೆಲವೇ ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ಒಂದೆರಡು ವರ್ಷ ಹಿಡಿಯುತ್ತದೆ. ನಾನು ಎರಡನೇ ಗುಂಪಿನವಳು ಅಂತ ಈಗ ಗೊತ್ತಾಯಿತು.

ಮುಟ್ಟಿಲ್ಲದ ಆ ಕಾಲವೇನು ಆರಾಮಾಗಿರಲಿಲ್ಲ. ಮೀಟಿಂಗ್ ಮಧ್ಯೆ ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಇಳಿಯುತ್ತಿತ್ತು. ರಾತ್ರಿ ಹೊದಿಕೆ ಒದೆಯುವುದು, ಮತ್ತೆ ಹುಡುಕಿ ಎಳೆದುಕೊಳ್ಳುವುದು. ಕೆಳಗೆ ಒಣಗಿ ಉರಿ. ಇದನ್ನು ಗಂಡನಿಗೆ ಹೇಳಲಿಕ್ಕೇ ನನಗೆ ಬಹಳ ಹೊತ್ತು ಬೇಕಾಯಿತು, ಇಲ್ಲಿ ಬರೆಯುವುದು ಅದಕ್ಕಿಂತ ಸುಲಭ ಅನಿಸುತ್ತಿದೆ. ಹಾರ್ಮೋನ್ ಇಲ್ಲದ ಜೆಲ್ ಬರುತ್ತದೆ. ಡಾಕ್ಟರ್ ಹತ್ತಿರ ನಾಚಿಕೆ ಬಿಟ್ಟು ಕೇಳಿ.

ಇವತ್ತಿನ ಸಮಾಚಾರ ಆಸ್ಪತ್ರೆಗೂ ತಿಳಿಸಿದೆ. ಡಾಕ್ಟರೇ ವಾಪಸ್ ಫೋನ್ ಮಾಡಿದರು. "ಮುಟ್ಟು ನೋಡಿ ಅಂಡಾಶಯದ ಬಗ್ಗೆ ತೀರ್ಮಾನ ಮಾಡಬೇಡಿ ಅಂತ ಅದಕ್ಕೇ ಹೇಳಿದ್ದು" ಅಂದರು. ನನ್ನ ಜೊತೆ ಕಾಯುತ್ತ ಕೂರುವ ಐವತ್ತೆಂಟರ ಆಂಟಿಯೊಬ್ಬರಿಗೆ ಲೆಟ್ರೊಜೋಲ್ ಮಾತ್ರೆ. "ನಿನಗೂ ಮುಟ್ಟು ನಿಂತಿದೆಯಲ್ಲ, ಇದನ್ನೇ ಯಾಕೆ ಕೊಡಲಿಲ್ಲ?" ಅಂತ ಅವರು ಕೇಳುತ್ತಿದ್ದರು. ಕಾರಣ ಇವತ್ತು ಕಣ್ಣಿಗೇ ಕಂಡಿತು. ಅಂಡಾಶಯದ ಕೆಲಸ ಪೂರ್ತಿ ನಿಂತವರಲ್ಲಿ ಕೊಬ್ಬು ಮತ್ತಿತರ ಕಡೆ ತಯಾರಾಗುವ ಅಲ್ಪಸ್ವಲ್ಪ ಈಸ್ಟ್ರೋಜೆನ್ನನ್ನು ಆ ಮಾತ್ರೆ ತಡೆಯುತ್ತದೆ. ಕೆಲಸ ಮಾಡುವ ಅಂಡಾಶಯದ ಮುಂದೆ ಅದರ ಆಟ ನಡೆಯುವುದಿಲ್ಲ. ಸುಮ್ಮನಿದ್ದ ಅಂಡಾಶಯವನ್ನು ಎಬ್ಬಿಸಿ ಕೂರಿಸಿದರೂ ಕೂರಿಸಬಹುದು. ಮುಟ್ಟಿಲ್ಲ ಅನ್ನುವುದೊಂದನ್ನೇ ನಂಬಿ ಮಾತ್ರೆ ಬದಲಾಯಿಸಿದ್ದರೆ ನನಗೆ ಕಾವಲೇ ಇರುತ್ತಿರಲಿಲ್ಲ.

ನಾನು ನುಂಗುತ್ತಿರುವುದು ಟಮಾಕ್ಸಿಫೆನ್. ಅದು ಅಂಡಾಶಯವನ್ನು ನಿಲ್ಲಿಸುವುದಿಲ್ಲ. ಈಸ್ಟ್ರೋಜೆನ್ ಹೋಗಿ ಗಡ್ಡೆಯ ಕೋಶಕ್ಕೆ ಅಂಟುವ ಜಾಗವನ್ನು ಮುಚ್ಚುತ್ತದೆ, ಅಷ್ಟೇ. ಹಾಗಾಗಿ ಮುಟ್ಟು ಬಂದರೂ ಮಾತ್ರೆ ತನ್ನ ಕೆಲಸ ಮಾಡುತ್ತಿರುತ್ತದೆ. ಇದನ್ನು ಕೇಳಿದ ಮೇಲೆ ಅರ್ಧ ಭಯ ಇಳಿಯಿತು. ಟಮಾಕ್ಸಿಫೆನ್ನಿನಿಂದಲೂ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಬರುವುದೇ ಇಲ್ಲ. ರಕ್ತ ಜಾಸ್ತಿ ಹೋದರೆ, ಮಧ್ಯೆ ಮಧ್ಯೆ ಕಾಣಿಸಿದರೆ ಕಾಯದೆ ತಿಳಿಸಬೇಕು, ಗರ್ಭಕೋಶದ ಒಳಪದರ ನೋಡಬೇಕಾಗಬಹುದು ಅಂದರು.

ಇನ್ನೊಂದು ಮಾತನ್ನು ಒತ್ತಿ ಹೇಳಿದರು. ಮುಟ್ಟು ಕಾಣುವ ಮೊದಲೇ ಅಂಡಾಣು ಬಿಡುಗಡೆಯಾಗಿರುತ್ತದೆ. ಅಂದರೆ ಮುಟ್ಟಿಲ್ಲದಾಗಲೂ ಗರ್ಭ ನಿಲ್ಲಬಹುದು. ಟಮಾಕ್ಸಿಫೆನ್ ಮಗುವಿಗೆ ಅಪಾಯ. ಗರ್ಭನಿರೋಧಕ ಮಾತ್ರೆಯಲ್ಲಿ ಹಾರ್ಮೋನ್ ಇರುವುದರಿಂದ ಅದು ನಮಗೆ ಬೇಡ. ಕಾಂಡೋಮ್ ಅಥವಾ ಹಾರ್ಮೋನ್ ಇಲ್ಲದ ಕಾಪರ್-ಟಿ ಆಗಬಹುದು.

ವಾರ್ಡಿನಲ್ಲಿ ಪರಿಚಯವಾದ ಪುಟ್ಟ ಗೆಳತಿಗೂ ಮೆಸೇಜ್ ಹಾಕಿದೆ. ಇಪ್ಪತ್ತೊಂಬತ್ತರ ಹುಡುಗಿ, ಅವಳದು ಟ್ರಿಪಲ್ ನೆಗೆಟಿವ್. ಅವಳ ಗಡ್ಡೆಗೆ ಹಾರ್ಮೋನಿನ ಗೊಡವೆಯಿಲ್ಲ. "ಅಕ್ಕಾ, ಸೂಪರ್!" ಅಂತ ಕುಣಿಯುವ ಎಮೋಜಿ ಸಾಲು ಸಾಲಾಗಿ ಕಳಿಸಿದಳು. ಅವಳಿಗೆ ಕೀಮೋ ಜೊತೆಗೇ ಗೊಸರೆಲಿನ್ ಇಂಜೆಕ್ಷನ್ ಕೊಟ್ಟಿದ್ದರು, ಅಂಡಾಶಯವನ್ನು ಅಷ್ಟು ದಿನ ಮಲಗಿಸಿಡಲು. ಅವಳಂಥವರ ಮೇಲೆ ನಡೆದ ಪೋಯಮ್ಸ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ಅಂಡಾಶಯ ಕೈಕೊಟ್ಟದ್ದು ಕೀಮೋ ಮಾತ್ರ ಪಡೆದವರಲ್ಲಿ ಶೇ. 22ರಷ್ಟು ಮಂದಿಗೆ, ಇಂಜೆಕ್ಷನ್ ಕೂಡ ಪಡೆದವರಲ್ಲಿ ಶೇ. 8ರಷ್ಟು. ಅವಳ ಖುಷಿ ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕೆಂದರೆ. ಅವಳಿಗೆ ಮುಟ್ಟು ಬಂದರೆ ಒಳ್ಳೆಯ ಸುದ್ದಿ ಅಷ್ಟೇ, ಅದಕ್ಕೆ ಬಾಲ ಇಲ್ಲ.

ನನಗೆ ಈಗ ಅದೇ ಇಂಜೆಕ್ಷನ್ ಬೇರೆ ಕಾರಣಕ್ಕೆ ಬೇಕಾಗಬಹುದು. ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಂಡು ಅಂಡಾಶಯವನ್ನು ಬಂದ್ ಮಾಡುವುದು. ಕಾಯಿಲೆ ಮರಳುವ ಅಪಾಯ ಹೆಚ್ಚಿರುವ, ಕೀಮೋ ನಂತರವೂ ಮುಟ್ಟಾಗುವ ಹೆಂಗಸರಿಗೆ ಇದರಿಂದ ಲಾಭವಿದೆ. ಆದರೆ ಮೈಬಿಸಿ, ಒಣಗುವಿಕೆ ಎಲ್ಲ ವಾಪಸ್. ಮೂಳೆಯೂ ಸವೆಯುತ್ತದೆ. ವಾಪಸ್ ಬಂದದ್ದನ್ನು ನಾನೇ ಕೈಯಾರೆ ಕಳಿಸಬೇಕು.

ಮಗುವಿನ ಮಾತೂ ಇದೆ. ಪಾಸಿಟಿವ್ ಅನ್ನುವ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ನನ್ನಂಥ ಗಡ್ಡೆಯ, 42 ವರ್ಷದೊಳಗಿನವರು, 18ರಿಂದ 30 ತಿಂಗಳು ಟಮಾಕ್ಸಿಫೆನ್‌ನಂಥ ಹಾರ್ಮೋನ್ ಚಿಕಿತ್ಸೆ ಪಡೆದು, ಮಗುವಿಗಾಗಿ ಎರಡು ವರ್ಷದವರೆಗೆ ಅದನ್ನು ನಿಲ್ಲಿಸಿದ್ದರು. ಮೊದಲ ಮೂರು ವರ್ಷದ ಲೆಕ್ಕದಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿರಲಿಲ್ಲ. ಮುಂದಿನ ವರ್ಷಗಳ ಲೆಕ್ಕ ಇನ್ನೂ ನಡೆಯುತ್ತಿದೆ. ಮುಟ್ಟು ಬಂದ ಮಾತ್ರಕ್ಕೆ ಬಸಿರಾಗುವುದು ಖಾತ್ರಿಯಲ್ಲ ಅಂತಲೂ ಗೊತ್ತು.

ಮಂಗಳವಾರ ಎಸ್ಟ್ರಡಯೋಲ್ (ಈಸ್ಟ್ರೋಜೆನ್ನಿನ ಮುಖ್ಯ ರೂಪ) ಪರೀಕ್ಷೆಗೆ ರಕ್ತ ಕೊಡಬೇಕು. ದಾಸ್ತಾನು ಎಷ್ಟಿದೆ ಅಂತ ತಿಳಿಯಲು ಎಎಂಎಚ್ ಪರೀಕ್ಷೆಯನ್ನೂ ಕೇಳಬೇಕೆಂದಿದ್ದೇನೆ. ಇಂಜೆಕ್ಷನ್ ಶುರು ಮಾಡುವುದಾದರೆ, ಮುಂದೆ ಮಗುವಿಗಾಗಿ ಚಿಕಿತ್ಸೆಗೆ ಬಿಡುವು ಕೊಡುವಾಗ ನನಗೆ ಎಷ್ಟು ವಯಸ್ಸಾಗಿರುತ್ತದೆ ಅಂತ ಗಂಡ ಕ್ಯಾಲೆಂಡರ್ ಹಿಡಿದು ಕೂತಿದ್ದಾನೆ.